ಕಂತಿನ ಸಾಲದ ಗಣಿತ: ಹಳೆಯ ಕಾರಿನ ಒಂದು ಉದಾಹರಣೆ

ಹೊಸ ಮೋಟಾರು ಕಾರನ್ನು ಕೊಳ್ಳುವ ಶಕ್ತಿಯಿಲ್ಲದವರು ಕಡಮೆ ಬೆಲೆಯ ಹಳೆಯ ಕಾರನ್ನು ಅರಸುವುದು ಸಹಜ. ಆ ಹಣವೂ ಒಮ್ಮೆಗೇ ಕೈಯಲ್ಲಿಲ್ಲದವರು ಬೆಲೆಯ ಒಂದು ಭಾಗವನ್ನು ಮುಂಗಡವಾಗಿ ತೆತ್ತು, ಮಿಕ್ಕುದನ್ನು ಸಾಲವಾಗಿ ಪಡೆದು, ತಿಂಗಳು ತಿಂಗಳೂ ಕಂತು ಕಟ್ಟಿ ತೀರಿಸುತ್ತಾರೆ. ಸಾಲ ಕೊಡುವವರು "ಬಡ್ಡಿ ನೂರಕ್ಕೆ ಹತ್ತು" ಎನ್ನುತ್ತಾರೆ. ಆದರೆ ಈ ಹತ್ತು ಯಾವುದರ ಮೇಲೆ? ಇದೊಂದು ಪ್ರಶ್ನೆಗೆ ದೊರೆಯುವ ಉತ್ತರದಿಂದ ಬಡ್ಡಿಯ ಹೊರೆ ಹೆಚ್ಚುಕಡಮೆ ಇಮ್ಮಡಿಯಾಗಬಹುದು. ಪ್ರೌಢಶಾಲೆಯ ಗಣಿತವನ್ನು ಬಲ್ಲ ಯಾರಾದರೂ ಇದನ್ನು ತಾವೇ ಪರೀಕ್ಷಿಸಬಹುದು.

ಎರಡು ಬಗೆಯ ಲೆಕ್ಕ

ಕಾರಿನ ಬೆಲೆ 2,20,000 ರೂಪಾಯಿ, ಮುಂಗಡ 40,000 ಎಂದು ಇಟ್ಟುಕೊಳ್ಳೋಣ. ಉಳಿದ 1,80,000 ಸಾಲದ ಅಸಲು. ಅವಧಿ ಮೂರು ವರ್ಷ, ಎಂದರೆ 36 ಕಂತುಗಳು.

ಮೊದಲನೆಯ ಬಗೆಯನ್ನು ವ್ಯವಹಾರದಲ್ಲಿ 'ಫ್ಲಾಟ್' ದರವೆಂದು ಕರೆಯುತ್ತಾರೆ. ಇಲ್ಲಿ ಇಡೀ ಅಸಲಿನ ಮೇಲೆ ಇಡೀ ಅವಧಿಗೆ ಸರಳಬಡ್ಡಿಯನ್ನು ಕಟ್ಟುತ್ತಾರೆ. ವರ್ಷಕ್ಕೆ 18,000ದಂತೆ ಮೂರು ವರ್ಷಕ್ಕೆ 54,000. ಅಸಲು, ಬಡ್ಡಿ ಸೇರಿ 2,34,000; ಅದನ್ನು 36ರಿಂದ ಭಾಗಿಸಿದರೆ ಕಂತು 6,500 ರೂಪಾಯಿ.

ಎರಡನೆಯದು ಇಳಿಯುವ ಬಾಕಿಯ ಲೆಕ್ಕ. ಆಯಾ ತಿಂಗಳು ಎಷ್ಟು ಅಸಲು ಬಾಕಿಯಿರುವುದೋ ಅಷ್ಟಕ್ಕೆ ಮಾತ್ರ ಬಡ್ಡಿ. ನೂರಕ್ಕೆ ಹತ್ತರ ದರದಲ್ಲಿಯೇ ಹೀಗೆ ಎಣಿಸಿದರೆ ಕಂತು ಸುಮಾರು 5,808. ಮೂರು ವರ್ಷದ ಬಡ್ಡಿ ಸುಮಾರು 29,100 ಮಾತ್ರ. ಎರಡರಲ್ಲಿಯೂ 'ಹತ್ತು' ಎಂಬ ಮಾತು ಒಂದೇ. ವ್ಯತ್ಯಾಸ ಮಾತ್ರ ಸುಮಾರು 24,900 ರೂಪಾಯಿ!

ವ್ಯತ್ಯಾಸಕ್ಕೆ ಕಾರಣ

ಸಾಲಗಾರನ ಕೈಯಲ್ಲಿ 1,80,000 ರೂಪಾಯಿ ಪೂರ್ತಿಯಾಗಿ ಉಳಿಯುವುದು ಮೊದಲ ತಿಂಗಳು ಮಾತ್ರ. ಒಂದೊಂದು ಕಂತಿನಲ್ಲಿಯೂ ಅಸಲಿನ ಒಂದು ಅಂಶ ಹಿಂದಿರುಗುತ್ತದೆ. ಹಿಂದಿರುಗಿಸಿದ ಹಣಕ್ಕೂ ಫ್ಲಾಟ್ ಲೆಕ್ಕದಲ್ಲಿ ಬಡ್ಡಿ ತಪ್ಪುವುದಿಲ್ಲ. ಗುಟ್ಟು ಇಷ್ಟೇ.

ಇದರ ಪರಿಮಾಣವನ್ನು ಸ್ಥೂಲವಾಗಿ ಅಳೆಯೋಣ. ಅಸಲು ತಿಂಗಳಿಗೆ 5,000ದಂತೆ ಸಮವಾಗಿ ತೀರುವುದೆಂದು ಭಾವಿಸಿದರೆ, ಬಾಕಿಗಳು 1,80,000, 1,75,000, ಹೀಗೆ ಇಳಿಯುತ್ತ ಕೊನೆಗೆ 5,000 ಆಗುವ ಸಮಾಂತರ ಶ್ರೇಢಿ. ಮೊದಲ ಮತ್ತು ಕೊನೆಯ ಪದಗಳ ಸರಾಸರಿಯೇ ಶ್ರೇಢಿಯ ಸರಾಸರಿ: 92,500. ಸಾಲಗಾರನು ನಿಜವಾಗಿ ಬಳಸಿದ್ದು ಸರಾಸರಿಯಲ್ಲಿ ಇಷ್ಟೇ. ತೆತ್ತ ಬಡ್ಡಿ ವರ್ಷಕ್ಕೆ 18,000. ಎಂದರೆ ನೂರಕ್ಕೆ ಹತ್ತೊಂಬತ್ತಕ್ಕೂ ಮಿಗಿಲು!

ಈ ಅಂದಾಜು ಕೊಂಚ ಹೆಚ್ಚಾದುದು. ಮೊದಮೊದಲ ಕಂತುಗಳಲ್ಲಿ ಬಡ್ಡಿಯ ಅಂಶವೇ ದೊಡ್ಡದಾಗಿ ಅಸಲು ನಿಧಾನವಾಗಿ ಕರಗುವುದರಿಂದ, ಸರಾಸರಿ ಬಾಕಿ ನಾವು ಎಣಿಸಿದುದಕ್ಕಿಂತ ಹೆಚ್ಚಾಗಿರುತ್ತದೆ. ನಿಖರವಾದ ದರವನ್ನು ಪಡೆಯಲು ಒಂದು ದರವನ್ನು ಊಹಿಸಿ ಪರೀಕ್ಷಿಸಬೇಕು. ತಿಂಗಳಿಗೆ ನೂರಕ್ಕೆ ಒಂದೂವರೆ ಎಂದು ಊಹಿಸೋಣ. ಮೊದಲ ತಿಂಗಳ ಬಡ್ಡಿ 2,700, 6,500ರ ಕಂತಿನಲ್ಲಿ ಅಸಲಿಗೆ ಸಲ್ಲುವುದು 3,800, ಬಾಕಿ 1,76,200. ಎರಡನೆಯ ತಿಂಗಳ ಬಡ್ಡಿ 2,643, ಅಸಲಿಗೆ 3,857, ಬಾಕಿ 1,72,343. ಹೀಗೆಯೇ 36 ಸಾಲು ಬರೆದರೆ ಕೊನೆಯಲ್ಲಿ ಉಳಿಯುವುದು ಸುಮಾರು 350 ರೂಪಾಯಿ. ಬಾಕಿ ಸೊನ್ನೆಯಾಗಬೇಕಾದರೆ ದರ ಒಂದೂವರೆಗಿಂತ ಕೂದಲೆಳೆಯಷ್ಟು ಕಡಮೆಯಿರಬೇಕು. ಆದ್ದರಿಂದ ಹತ್ತೆಂದು ಹೇಳಿದ ಬಡ್ಡಿ ವಾಸ್ತವವಾಗಿ ವರ್ಷಕ್ಕೆ ನೂರಕ್ಕೆ 17.9.

ಇದರ ಜೊತೆಗೆ ಸಾಲ ಕೊಡುವಾಗಲೇ ನೂರಕ್ಕೆ ಎರಡರಂತೆ, ಎಂದರೆ 3,600 ರೂಪಾಯಿಗಳನ್ನು, ಶುಲ್ಕವೆಂದು ಮುರಿದುಕೊಂಡರೆ ಕೈಗೆ ಬರುವುದು 1,76,400 ಮಾತ್ರ; ಕಂತು ಮಾತ್ರ ಅದೇ 6,500. ಆಗ ನಿಜದರ ಹತ್ತೊಂಬತ್ತನ್ನೂ ಮೀರುತ್ತದೆ.

ಕಾನೂನಿನ ನೆರವು

ಈ ಗೊಂದಲ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳು 1968ರಲ್ಲಿಯೇ ಶಾಸನ ಮಾಡಿ, ಶುಲ್ಕಗಳನ್ನು ಒಳಗೊಂಡ ವಾರ್ಷಿಕ ಶೇಕಡಾ ದರವನ್ನು ಸಾಲಗಾರನಿಗೆ ತಿಳಿಸಬೇಕೆಂದು ವಿಧಿಸಿದುವು. ಭಾರತೀಯ ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಂತೆ, ಬ್ಯಾಂಕುಗಳೂ ಹಣಕಾಸು ಕಂಪೆನಿಗಳೂ ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರು ಮಾಡುವ ಇಂಥ ಸಾಲಗಳಿಗೆ ಒಂದು ಮುಖ್ಯಾಂಶಗಳ ಪತ್ರವನ್ನು ಕೊಡಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಅದರಲ್ಲಿ ವಾರ್ಷಿಕ ಶೇಕಡಾ ದರವೂ ಕಂತುಗಳ ಪಟ್ಟಿಯೂ ಇರಬೇಕು. ಸಹಿ ಹಾಕುವ ಮುನ್ನ ಓದಬೇಕಾದ ಅಂಕಿ ಅದೇ.

ಹಳೆಯ ಕಾರಿನಲ್ಲಿ ಮತ್ತೊಂದು ಎಚ್ಚರ ಬೇಕು. ಸಾಲ ತೀರುವವರೆಗೆ ವಾಹನವೇ ಸಾಲಕ್ಕೆ ಆಧಾರ. ಈ ಹಂಗನ್ನು ನೋಂದಣಿ ಪತ್ರದಲ್ಲಿ ಹೈಪಾಥಿಕೇಷನ್ ಎಂದು ದಾಖಲಿಸಿರುತ್ತಾರೆ. ಹಿಂದಿನ ಒಡೆಯನ ಸಾಲದ ದಾಖಲೆ ಇನ್ನೂ ಉಳಿದಿದ್ದರೆ, ಅವನಿಗೆ ಸಾಲ ಕೊಟ್ಟವರಿಂದ ಆಕ್ಷೇಪಣೆಯಿಲ್ಲವೆಂಬ ಪತ್ರವನ್ನೂ ಸಹಿ ಮಾಡಿದ 35ನೆಯ ನಮೂನೆಯನ್ನೂ ಪಡೆದು ಅದನ್ನು ರದ್ದುಪಡಿಸಿದ ಮೇಲೆಯೇ ಹಣ ಕೊಡುವುದು ಕ್ಷೇಮ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷ ಮಾತ್ರ ಸಿಂಧುವಾಗಿರುತ್ತದೆ. ಆ ಅವಧಿಯಲ್ಲಿ ಎಷ್ಟು ಉಳಿದಿದೆಯೆಂಬುದನ್ನೂ ಸಾಲದ ಅವಧಿಯೊಡನೆ ಹೋಲಿಸಿ ನೋಡಬೇಕು.

ವಾಚಕರಿಗೆ ಒಂದು ಅಭ್ಯಾಸ

1,20,000 ರೂಪಾಯಿ ಸಾಲ, ಫ್ಲಾಟ್ ದರ ಹತ್ತು, ಅವಧಿ 12 ತಿಂಗಳು. ಕಂತು 11,000 ಆಗುವುದೆಂಬುದನ್ನು ತಾಳೆ ನೋಡಿ, ತಿಂಗಳಿಗೆ ಒಂದೂವರೆಯಂತೆ ಪಟ್ಟಿಯನ್ನು ಬರೆಯಿರಿ. ಕೊನೆಯಲ್ಲಿ ಉಳಿಯುವುದು 21 ರೂಪಾಯಿಯಷ್ಟೇ. ಇಲ್ಲಿಯೂ ನಿಜದರ ಹದಿನೆಂಟಕ್ಕೆ ತೀರ ಸಮೀಪ. ಮನೆಯಲ್ಲಿ ಯಾರಾದರೂ ಕಂತಿನ ಸಾಲ ತೆಗೆಯುವ ಯೋಚನೆಯಲ್ಲಿದ್ದರೆ, ಅವರ ಅಂಕಿಗಳಿಂದಲೂ ಇಂಥದೇ ಪಟ್ಟಿಯನ್ನು ಮಾಡಿ ತೋರಿಸಿ. ಹನ್ನೆರಡು ಸಾಲಿನ ಈ ಲೆಕ್ಕ ಒಂದು ಕುಟುಂಬದ ಹಲವು ತಿಂಗಳ ಉಳಿತಾಯವನ್ನು ಕಾಪಾಡಬಲ್ಲದು.