ಕಾಳಿಗೆ ಇಳಿಯುವ ಮುನ್ನ

ಯುಗಾದಿ ಮುಗಿದು ಬಿಸಿಲೇರಿತೆಂದರೆ ನಮ್ಮ ಹೆಬ್ಬಳ್ಳಿ ಕಡೆಯ ಹುಡುಗರಿಗೆ ಕಾಳಿ ಹೊಳೆ ನೆನಪಾಗುತ್ತದೆ. ಧಾರವಾಡ, ಹಳಿಯಾಳ, ದಾಂಡೇಲಿ ದಾಟಿ ಗಣೇಶಗುಡಿ ಮುಟ್ಟಿದರೆ ರಾಫ್ಟಿಂಗ್. ಹೋಗ್ರಿ, ಖುಷಿಯಿಂದ ಹೋಗ್ರಿ. ಆದರೆ ಅಲ್ಲಿ ನೀರು ಏರಲು ಮಳೆಯೇ ಬೇಕೆಂದಿಲ್ಲ. ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. ವಿದ್ಯುತ್ ತಯಾರಿಸಲು ನೀರು ಬಿಟ್ಟರೆ ಸುಡುಬಿಸಿಲಲ್ಲೂ ಹೊಳೆ ತುಂಬುತ್ತದೆ. ಫೋಟೋ ಆಸೆಗೆ ನಡುಹೊಳೆಯ ಬಂಡೆ ಹತ್ತಿ ಕೂಡಬೇಡಿ.

ಲೈಫ್ ಜಾಕೆಟ್ ತೊಟ್ಟ ಮೇಲೆ ಗೆಳೆಯನಿಗೆ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಲು ಹೇಳಿ. ಅದು ಕಿವಿತನಕ ಬಂತೋ, ಪಟ್ಟಿಗಳೆಲ್ಲ ಸಡಿಲ ಇವೆ ಎಂದೇ ಅರ್ಥ. ನಾಚಿಕೆ ಬೇಡ, ಮತ್ತೆ ಬಿಗಿಸಿಕೊಳ್ಳಿ. ಸೆಕೆ ಎಂದು ಹೆಲ್ಮೆಟ್ ಪಟ್ಟಿ ಬಿಚ್ಚಬೇಡಿ.

ದೋಣಿಯಿಂದ ಬಿದ್ದರೆ ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಲೇಬೇಡಿ. ಮೊಣಕಾಲು ನೀರಿದ್ದರೂ ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ಸೆಳವು ಮನುಷ್ಯನನ್ನೇ ಮಗುಚಿ ಒತ್ತಿ ಹಿಡಿಯುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಗೈಡ್ ಎಸೆಯುವ ಹಗ್ಗ ಹಿಡಿಯಿರಿ. ಈಜು ಬರದವನು ಗುಂಪಿನಲ್ಲಿದ್ದರೆ ಮೊದಲೇ ಗೈಡ್‌ಗೆ ತಿಳಿಸಿ.

ವಾಪಸ್ ಬರುವಾಗ ದಾಂಡೇಲಿಯಲ್ಲಿ ಹೊಳೆ ಶಾಂತವಾಗಿ ಕಾಣುತ್ತದೆ. ಅಲ್ಲಿ ಮೊಸಳೆಗಳಿವೆ, ನೀರಿಗೆ ಇಳಿಯಬೇಡಿ.