ಬೋರಮಾಳ ಲಾಕರಿನಲ್ಲೇ ಇರಲಿ
ಅಕ್ಕಾರ, ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದ್ದೀರಿ. ಬೋರಮಾಳ, ಪಾಟ್ಲಿ ಹಾಕಿಕೊಂಡೇ ಹೋಗಲೇ ಎಂದು ಕೇಳಿದ್ದೀರಿ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ಬೋರಮಾಳ ಯಾಕೆ? ನಿಪ್ಪಾಣಿಯ ಬ್ಯಾಂಕ್ ಲಾಕರಿನಲ್ಲಿಟ್ಟು ಹೋಗಿ.

ಹಾಕಿಕೊಂಡೇ ಹೋಗುವ ಹಟವಿದ್ದರೆ, ಮುಂಬೈಯಲ್ಲಿ ವಿಮಾನ ಹತ್ತುವ ಮುಂಚೆ ಕಸ್ಟಮ್ಸ್ ಅಧಿಕಾರಿಗೆ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ. ಸರಾಫರ ಹಳೆಯ ಪಾವತಿ ಜೊತೆಗಿರಲಿ. ಇಲ್ಲದಿದ್ದರೆ ತಿರುಗಿ ಬರುವಾಗ ‘ಇದು ನಮ್ಮತ್ತಿ ಹಾಕಿದ್ದರೀ’ ಅಂದರೆ ನಂಬುವವರು ಯಾರು? ದುಬೈಯಲ್ಲಿ ಕೊಂಡದ್ದೆಂದು ಸುಂಕ ಕೇಳಿಯಾರು. ಈ ಕೆಲಸಕ್ಕೆಂದೇ ಒಂದೆರಡು ತಾಸು ಮೊದಲು ಹೋಗಿ.

ನಮ್ಮ ರೂಪಾಯಿ ನೋಟು 25,000ಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಕೈಖರ್ಚಿಗೆ ಸ್ವಲ್ಪ ದಿರ್ಹಮ್, ಉಳಿದದ್ದಕ್ಕೆ ಕಾರ್ಡು. ವಿದೇಶದ ಬಳಕೆ ಕಾರ್ಡಿನಲ್ಲಿ ಬಂದ್ ಇರಬಹುದು, ಬ್ಯಾಂಕಿನಲ್ಲಿ ಚಾಲೂ ಮಾಡಿಸಿ.

ನಿಜ ಹೇಳಲಾ? ನನಗೆ ದುಬೈಗಿಂತ ಹೆಚ್ಚು ಅಂಜಿಕೆ ಮುಂಬೈಗೆ ಹೋಗುವ ರಾತ್ರಿ ಬಸ್ಸಿನದು. ಚಹಾಕ್ಕೆ ಇಳಿದಾಗ ಸೀಟಿನ ಮೇಲೆ ಬಿಟ್ಟ ಬ್ಯಾಗಿಗೆ ಕಾಲು ಬರುತ್ತವೆ. ಚಿಂಚಲಿ ಮಾಯಕ್ಕನ ಜಾತ್ರೆಯ ಗದ್ದಲದಲ್ಲಿ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗು ಬಿಗಿಯುತ್ತೀರಲ್ಲ, ಪಾಸ್‌ಪೋರ್ಟಿಗೂ ಅದೇ ಜಾಗ. ಝೆರಾಕ್ಸ್ ಒಂದು ಬೇರೆ ಚೀಲದಲ್ಲಿ, ಫೋಟೊ ಮಗಳ ಮೊಬೈಲಿನಲ್ಲಿ. ಅಲ್ಲಿ ಕಳೆದೇಹೋದರೆ ಪೊಲೀಸರಿಗೆ ದೂರು ಕೊಟ್ಟು, ಆ ಕಾಗದ ಹಿಡಿದು ದುಬೈಯ ಭಾರತೀಯ ಕಾನ್ಸುಲೇಟಿಗೆ ಹೋಗಬೇಕು. ಅಳಿಯಂದಿರಿಗೆ ಈಗಲೇ ಹೇಳಿಡಿ.