ಪೆಟ್ರೋಲೂ ವಿದ್ಯುತ್ತೂ ಕೂಡಿ ಎಳೆಯುವ ಕಾರು

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಸುಮಾರು 30 ಕಿಲೋಮೀಟರು ದಾರಿ. ಪುಣೆ-ಹೈದರಾಬಾದು ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಹೊರಟರೆ ರಾಜೇಶ್ವರವನ್ನು ದಾಟಿ ಸಸ್ತಾಪುರ ಬಂಗ್ಲಾದ ಕೂಡುರಸ್ತೆಯಲ್ಲಿ ಬಲಕ್ಕೆ ತಿರುಗಬೇಕು. ಅಲ್ಲಿಂದ ಮುಂದೆ ಊರು, ಕೋಟೆ, ಇಕ್ಕಟ್ಟಾದ ಪೇಟೆ. ಈ ದಾರಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಪ್ರತಿದಿನ ಕಾಲೇಜಿಗೆ ಹೈಬ್ರಿಡ್ ಕಾರಿನಲ್ಲಿ ಬಂದು ಹೋಗುತ್ತಾರೆ. ನಾನೂ ಅನೇಕ ಸಲ ಅದರಲ್ಲಿ ಕುಳಿತಿದ್ದೇನೆ, ಕೆಲವು ಸಲ ನಡೆಸಿಯೂ ಇದ್ದೇನೆ.

ಒಂದು ದಿನ ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ಆ ಕಾರನ್ನು ತೋರಿಸಿ ಕೇಳಿದ: “ಸರ್, ಈ ಕಾರು ತನ್ನ ಬ್ಯಾಟರಿ ತಾನೇ ಚಾರ್ಜ್ ಮಾಡ್ಕೊಳ್ತದಂತ್ರೀ. ಹಂಗಾದ್ರ ಪೆಟ್ರೋಲ್ ಯಾಕ್ ಬೇಕ್ರೀ?” ಅವನು ಕುತೂಹಲಕ್ಕಾಗಿ ಮಾತ್ರ ಕೇಳಿದುದಲ್ಲ. ಅವನ ತಂದೆ ತೊಗರಿ ಮಾರಿ ಕೂಡಿಸಿದ ಹಣದಲ್ಲಿ ಅಂತಹ ಕಾರೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದರು. “ಪೆಟ್ರೋಲಿನ ಖರ್ಚೇ ಇಲ್ಲ” ಎಂದು ಯಾರೋ ಅವರ ಕಿವಿಯಲ್ಲಿ ಹಾಕಿದ್ದರು. ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕಂಡುಕೊಳ್ಳುವುದೇ ಈ ಲೇಖನದ ಉದ್ದೇಶ.

ಬಾವಿ ಮತ್ತು ತೊಟ್ಟಿ

ಶಕ್ತಿಯನ್ನು ಹೊಸದಾಗಿ ಹುಟ್ಟಿಸಲು ಸಾಧ್ಯವಿಲ್ಲ. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಪರಿವರ್ತಿಸಬಹುದು, ಅಷ್ಟೆ. ಈ ನಿಯಮವನ್ನು ನಾವೆಲ್ಲರೂ ಪ್ರೌಢಶಾಲೆಯಲ್ಲಿಯೇ ಓದಿದ್ದೇವೆ. ಗೋಡೆಯ ವಿದ್ಯುತ್ತಿಗೆ ಜೋಡಿಸಿ ತುಂಬುವ ಕಾರಿನ ಮಾತು ಬೇರೆ. ತಂತಿಯನ್ನೇ ಜೋಡಿಸದ ಹೈಬ್ರಿಡ್ ಕಾರಿಗೆ ಹೊರಗಿನಿಂದ ಒಳಕ್ಕೆ ಬರುವ ಶಕ್ತಿ ಪೆಟ್ರೋಲಿನ ಮೂಲಕ ಮಾತ್ರ. ಅದರ ಬ್ಯಾಟರಿಯಲ್ಲಿರುವ ಪ್ರತಿಯೊಂದು ಜೌಲೂ ಒಮ್ಮೆ ಪೆಟ್ರೋಲಿನಲ್ಲಿದ್ದುದೇ. ರೈತರ ಮಾತಿನಲ್ಲಿ ಹೇಳುವುದಾದರೆ, ಪೆಟ್ರೋಲಿನ ತೊಟ್ಟಿಯೇ ಇಲ್ಲಿ ಬಾವಿ. ಬ್ಯಾಟರಿಯು ಬಾವಿಯ ನೀರನ್ನು ಹಿಡಿದಿಡುವ ಸಣ್ಣ ತೊಟ್ಟಿ. ತೊಟ್ಟಿಯಲ್ಲಿ ಊಟೆ ಇರುವುದಿಲ್ಲ.

ಆ ತೊಟ್ಟಿ ಎಷ್ಟು ಸಣ್ಣದು? ನಮ್ಮ ರಾಜ್ಯದ ಬಿಡದಿಯಲ್ಲಿಯೇ ತಯಾರಾಗುವ ಟೊಯೋಟಾ ಹೈರೈಡರ್ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಲಿಥಿಯಮ್ ಬ್ಯಾಟರಿಯಲ್ಲಿ ಸುಮಾರು 0.76 ಕಿಲೋವಾಟ್-ಗಂಟೆ, ಎಂದರೆ ಸುಮಾರು 27 ಲಕ್ಷ ಜೌಲು ಹಿಡಿಯುತ್ತದೆ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 320 ಲಕ್ಷ ಜೌಲು ಇದೆ. ಆದುದರಿಂದ ಇಡೀ ಬ್ಯಾಟರಿ ತುಂಬಿದ್ದರೂ ಅದರಲ್ಲಿರುವ ಶಕ್ತಿ 85 ಮಿಲಿಲೀಟರು, ಎಂದರೆ ಒಂದು ಸಣ್ಣ ಲೋಟ ಚಹಾದಷ್ಟು, ಪೆಟ್ರೋಲಿಗೆ ಸಮ. ಇಷ್ಟು ಸಣ್ಣ ತೊಟ್ಟಿಯಿಂದ ಏನು ಪ್ರಯೋಜನವೆಂದು ಕೇಳಬಹುದು. ಪ್ರಯೋಜನ ತೊಟ್ಟಿಯ ಗಾತ್ರದಲ್ಲಿಲ್ಲ. ದಿನಕ್ಕೆ ನೂರು ಸಲ ತುಂಬಿ ನೂರು ಸಲ ಬರಿದಾಗುವುದರಲ್ಲಿದೆ.

ಹಿಂದಿನ ಕಥೆ

ಎರಡು ಬಗೆಯ ಚಾಲಕಶಕ್ತಿಯನ್ನು ಒಂದೇ ಗಾಡಿಗೆ ಹೂಡುವ ವಿಚಾರ ಹೊಸದಲ್ಲ. 1900ರಲ್ಲಿಯೇ ಫರ್ಡಿನಾಂಡ್ ಪೋರ್ಷೆ ಎಂಬ ಯಂತ್ರಶಿಲ್ಪಿಯು ವಿಯೆನ್ನಾದ ಲೋನರ್ ಕಾರ್ಖಾನೆಯಲ್ಲಿ ಪೆಟ್ರೋಲ್ ಎಂಜಿನು, ವಿದ್ಯುಜ್ಜನಕ, ಬ್ಯಾಟರಿ ಹಾಗೂ ಚಕ್ರದಲ್ಲಿಯೇ ಕೂಡಿಸಿದ ಮೋಟಾರುಗಳಿದ್ದ ಗಾಡಿಯನ್ನು ನಿರ್ಮಿಸಿದ್ದನು. ನಮಗೆ ಪರಿಚಿತವಾದ ಡೀಸೆಲ್ ರೈಲು ಎಂಜಿನುಗಳಲ್ಲಿಯೂ ಸಾಮಾನ್ಯವಾಗಿ ಡೀಸೆಲ್ ಯಂತ್ರವು ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ಅದು ವಿದ್ಯುಜ್ಜನಕವನ್ನು ತಿರುಗಿಸುತ್ತದೆ, ಆ ವಿದ್ಯುತ್ತು ಗಾಲಿಯ ಮೋಟಾರುಗಳನ್ನು ನಡೆಸುತ್ತದೆ. ಆದರೆ ಸಾಮಾನ್ಯ ಜನರ ಕಾರಿಗೆ ಈ ವಿಧಾನ ಒಗ್ಗಲು ಹಗುರವಾದ ಬ್ಯಾಟರಿಯೂ, ಕ್ಷಣಕ್ಷಣಕ್ಕೂ ಲೆಕ್ಕ ಹಾಕಬಲ್ಲ ಗಣಕವೂ ಬೇಕಾಗಿದ್ದವು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಮಾರಾಟಕ್ಕೆ ಬಂದಿತು. ಬಿಡದಿಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಕಾರೂ, 2022ರಿಂದ ಹೈರೈಡರ್, ಇನ್ನೋವಾ ಹೈಕ್ರಾಸ್ ಮೊದಲಾದವೂ ತಯಾರಾಗತೊಡಗಿದವು.

ಸೂರ್ಯ, ಗ್ರಹ, ವರ್ತುಲ

ಈ ಕಾರುಗಳ ಒಳಗೆ ಗ್ರಹಮಾಲೆಯಂತಹ ಹಲ್ಲುಗಾಲಿಗಳ ಕೂಟವೊಂದಿದೆ. ನಡುವೆ ‘ಸೂರ್ಯ’ ಗಾಲಿ. ಸುತ್ತಲೂ ಉರುಳುವ ಸಣ್ಣ ‘ಗ್ರಹ’ ಗಾಲಿಗಳು. ಇವನ್ನೆಲ್ಲ ಒಳಗೊಂಡ, ಒಳಮುಖಕ್ಕೆ ಹಲ್ಲುಗಳಿರುವ ದೊಡ್ಡ ವರ್ತುಲ. ಪ್ರಿಯಸ್ಸಿನ ಮಾದರಿಯಲ್ಲಿ ಸೂರ್ಯನಿಗೆ ವಿದ್ಯುಜ್ಜನಕವನ್ನೂ, ಗ್ರಹಗಳನ್ನು ಹೊತ್ತ ಚೌಕಟ್ಟಿಗೆ ಎಂಜಿನನ್ನೂ, ವರ್ತುಲಕ್ಕೆ ಮೋಟಾರು ಮತ್ತು ಚಕ್ರಗಳನ್ನೂ ಜೋಡಿಸಿರುತ್ತಾರೆ. ಈ ಮೂರರಲ್ಲಿ ಯಾವ ಎರಡರ ವೇಗ ಗೊತ್ತಾದರೂ ಮೂರನೆಯದು ತಾನಾಗಿಯೇ ನಿಶ್ಚಿತವಾಗುತ್ತದೆ. ಆದುದರಿಂದ ವಿದ್ಯುಜ್ಜನಕದ ವೇಗವನ್ನು ಹೆಚ್ಚುಕಡಿಮೆ ಮಾಡಿದರೆ, ಚಕ್ರ ಎಷ್ಟೇ ವೇಗವಾಗಿ ತಿರುಗುತ್ತಿದ್ದರೂ ಎಂಜಿನನ್ನು ತನಗೆ ಹಿತವಾದ ವೇಗದಲ್ಲಿ ಇಡಬಹುದು. ಇಲ್ಲಿ ಚಾಲಕನು ಕ್ಲಚ್ಚನ್ನು ತುಳಿಯುವ, ಗೇರನ್ನು ಬದಲಿಸುವ ಕೆಲಸವಿಲ್ಲ.

ಉಳಿತಾಯ ಎಲ್ಲಿಂದ?

ಪೆಟ್ರೋಲು ಉಳಿಯಲು ಮೂರು ಕಾರಣಗಳಿವೆ.

ಮೊದಲನೆಯದು ಬಹಳ ಸರಳ. ಪೇಟೆಯಲ್ಲಿ ಎತ್ತಿನ ಗಾಡಿಯ ಹಿಂದೆ ನಿಂತಾಗಲೂ ಮಾಮೂಲು ಎಂಜಿನು ಸುಮ್ಮನೆ ಓಡುತ್ತ ಪೆಟ್ರೋಲನ್ನು ಸುಡುತ್ತಿರುತ್ತದೆ. ಹೈಬ್ರಿಡ್ ಕಾರಿನಲ್ಲಿ ಎಂಜಿನು ನಿಲ್ಲುತ್ತದೆ. ಅಂಗುಲ ಅಂಗುಲವಾಗಿ ಮುಂದೆ ಸರಿಯುವ ಕೆಲಸವನ್ನು ಮೋಟಾರು ವಹಿಸಿಕೊಳ್ಳುತ್ತದೆ.

ಎರಡನೆಯದು ಎಂಜಿನಿನ ಸ್ವಭಾವ. ಪೆಟ್ರೋಲ್ ಎಂಜಿನಿಗೆ ತೀರ ಹಗುರವಾದ ಕೆಲಸ ಕೊಟ್ಟರೆ ಅದರ ದಕ್ಷತೆ ಬಹಳ ಕುಗ್ಗುತ್ತದೆ. ಹೈಬ್ರಿಡ್ ಕಾರಿನಲ್ಲಿ ಹಗುರ ಕೆಲಸ ಮೋಟಾರಿನದು. ಎಂಜಿನು ಎಚ್ಚತ್ತಾಗ ಸಾಕಷ್ಟು ಭಾರ ಹೊತ್ತು, ಮಿಕ್ಕ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಇದಲ್ಲದೆ ಈ ಎಂಜಿನುಗಳು ಜೇಮ್ಸ್ ಅಟ್ಕಿನ್ಸನ್ 1882ರಲ್ಲಿ ಸೂಚಿಸಿದ ತತ್ತ್ವವನ್ನು ಅನುಸರಿಸುತ್ತವೆ. ಒಳಗವಾಟವು ತಡವಾಗಿ ಮುಚ್ಚುವುದರಿಂದ ಅನಿಲವು ಒತ್ತಲ್ಪಟ್ಟುದಕ್ಕಿಂತ ಹೆಚ್ಚು ಹಿಗ್ಗಿ, ಹೊಗೆಯೊಡನೆ ವ್ಯರ್ಥವಾಗಿ ಹೋಗುತ್ತಿದ್ದ ಶಾಖದಲ್ಲಿ ಒಂದು ಪಾಲನ್ನು ಕೆಲಸಕ್ಕೆ ಕೊಡುತ್ತದೆ. ಇಂತಹ ಎಂಜಿನಿನ ಎಳೆತ ಕಡಮೆ; ಆ ಕೊರತೆಯನ್ನು ಮೋಟಾರು ತುಂಬಿಕೊಡುತ್ತದೆ. ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳಲ್ಲಿ ಒಂದು ಏರಿನಲ್ಲಿ ಬಲವಾಗಿ ಎಳೆದರೆ ಇನ್ನೊಂದು ಸಮನೆಲದಲ್ಲಿ ದಣಿಯದೆ ನಡೆಯುತ್ತದೆ.

ಮೂರನೆಯದು ಬ್ರೇಕಿನದು, ಇದನ್ನು ಲೆಕ್ಕ ಮಾಡಿಯೇ ನೋಡೋಣ. ಪ್ರಯಾಣಿಕರೂ ಸೇರಿ ಕಾರಿನ ರಾಶಿ 1,500 ಕಿಲೋಗ್ರಾಮು, ವೇಗ ಗಂಟೆಗೆ 72 ಕಿಲೋಮೀಟರು, ಎಂದರೆ ಸೆಕೆಂಡಿಗೆ 20 ಮೀಟರು ಎಂದಿಟ್ಟುಕೊಳ್ಳಿ. ಚಲನಶಕ್ತಿಯು ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು: 750 × 400 = 3 ಲಕ್ಷ ಜೌಲು. ಹಳ್ಳಿಯ ಉಬ್ಬು ಬಂದಿತೆಂದು ವೇಗವನ್ನು 18ಕ್ಕೆ ಇಳಿಸಿದರೆ, ವೇಗ ಕಾಲು ಪಾಲಾಗುತ್ತದೆ. ಶಕ್ತಿ ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಮಿಕ್ಕ ಹದಿನೈದು ಪಾಲು ಮಾಮೂಲು ಕಾರಿನಲ್ಲಿ ಬಹುಮಟ್ಟಿಗೆ ಬ್ರೇಕಿನ ತಟ್ಟೆಯನ್ನು ಕಾಯಿಸಿ ಗಾಳಿಗೆ ಹೋಗುತ್ತದೆ. 3 ಲಕ್ಷ ಜೌಲೆಂದರೆ ಎಷ್ಟು? ನಮ್ಮ ಊರುಗಳು 600 ಮೀಟರಿಗೂ ಮಿಕ್ಕಿದ ಎತ್ತರದಲ್ಲಿರುವುದರಿಂದ ನೀರು ಇಲ್ಲಿ ಸುಮಾರು 98 ಡಿಗ್ರಿಯಲ್ಲಿ ಕುದಿಯುತ್ತದೆ. 27 ಡಿಗ್ರಿಯ ಒಂದು ಲೀಟರು ನೀರನ್ನು ಅಲ್ಲಿಯವರೆಗೆ ಕಾಯಿಸಲು 4,200 × 71, ಹೆಚ್ಚುಕಡಿಮೆ 3 ಲಕ್ಷ ಜೌಲೇ ಬೇಕು. ಕಾರನ್ನು ಒಮ್ಮೆ ನಿಲ್ಲಿಸಿದರೆ ಒಂದು ಲೀಟರು ನೀರನ್ನು ಕುದಿಸಿದಂತಾಯಿತು! ಕಳೆದ ಶಕ್ತಿಯನ್ನು ಮತ್ತೆ ಗಳಿಸಲು, ಎಂಜಿನಿನ ದಕ್ಷತೆ ಕಾಲು ಪಾಲೆಂದು ಹಿಡಿದರೆ, 12 ಲಕ್ಷ ಜೌಲಿನ ಪೆಟ್ರೋಲು, ಸುಮಾರು 37 ಮಿಲಿಲೀಟರು ಬೇಕು.

ಹೈಬ್ರಿಡ್ ಕಾರಿನಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಮೋಟಾರೇ ವಿದ್ಯುಜ್ಜನಕವಾಗುತ್ತದೆ. ಚಕ್ರವು ಅದನ್ನು ತಿರುಗಿಸುತ್ತ ತಾನು ನಿಧಾನವಾಗುತ್ತದೆ. ಆದರೆ ಮುಟ್ಟಿದ್ದೆಲ್ಲ ಮರಳಿ ಬರುವುದಿಲ್ಲ. ವಿದ್ಯುತ್ತಾಗಿಸುವುದು, ಬ್ಯಾಟರಿಗೆ ತುಂಬುವುದು, ಅಲ್ಲಿಂದ ತೆಗೆಯುವುದು, ಮರಳಿ ಚಲನೆಯಾಗಿಸುವುದು ಈ ನಾಲ್ಕು ಮೆಟ್ಟಿಲುಗಳಲ್ಲಿ ಒಂದೊಂದರಲ್ಲಿಯೂ ಶೇಕಡಾ 90 ಉಳಿಯುವುದೆಂದರೂ ಕೊನೆಗೆ ದಕ್ಕುವುದು 0.9 × 0.9 × 0.9 × 0.9, ಸುಮಾರು ಶೇಕಡಾ 65. ಥಟ್ಟನೆ ಬಲವಾಗಿ ಒತ್ತಿದರೆ ಘರ್ಷಣೆಯ ಬ್ರೇಕು ಕೂಡಿಕೊಳ್ಳುವುದರಿಂದ ಅದೂ ದಕ್ಕದು. ದೂರದಿಂದಲೇ ಉಬ್ಬನ್ನು ಕಂಡು ಮೆಲ್ಲಗೆ ನಿಧಾನಿಸುವವನಿಗೆ ಈ ಕಾರು ಹೆಚ್ಚು ಫಲ ಕೊಡುತ್ತದೆ.

ಹೆದ್ದಾರಿ ಕಲಿಸಿದ ಪಾಠ

ಹೈರೈಡರ್ ಹೈಬ್ರಿಡ್ಡಿಗೆ ಅಧಿಕೃತ ಪರೀಕ್ಷೆಯಲ್ಲಿ ಬಂದ ಅಂಕಿ ಲೀಟರಿಗೆ 27.97 ಕಿಲೋಮೀಟರು. ಇಂತಹ ಅಂಕಿಗಳನ್ನು ನಂಬಿ ನನ್ನ ಮಿತ್ರರು ಮೊದಲ ತಿಂಗಳು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡಿಸಿ ಬಹಳ ನಿರಾಶರಾದರು. ಪೇಟೆಯ ಓಡಾಟದಲ್ಲಿಯೇ ಲೀಟರಿಗೆ ಹೆಚ್ಚು ದೂರ ಬರುತ್ತಿತ್ತು. ಕಾರು ಕೆಟ್ಟಿದೆಯೆಂದೇ ಅವರು ಭಾವಿಸಿದ್ದರು. ತಪ್ಪು ಕಾರಿನದಲ್ಲ, ಗಾಳಿಯದು.

ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಇಂತಹ ಎತ್ತರದ ಕಾರಿಗೆ ಗಂಟೆಗೆ 60 ಕಿಲೋಮೀಟರಿನಲ್ಲಿ ಗಾಳಿಯ ತಡೆ ಸುಮಾರು 146 ನ್ಯೂಟನ್, 100ರಲ್ಲಿ ಸುಮಾರು 405 ನ್ಯೂಟನ್ ಎಂದು ಅಂದಾಜು ಮಾಡಬಹುದು. ಟೈರು ಉರುಳುವ ತಡೆ ಎರಡರಲ್ಲಿಯೂ ಸುಮಾರು 180. ಒಟ್ಟು 326 ಮತ್ತು 585. ಒಂದೇ ಕಿಲೋಮೀಟರಿಗೆ ಮಾಡಬೇಕಾದ ಕೆಲಸ 1.8 ಮಡಿಯಾಯಿತು. ಗಾಳಿಗೆ ಕೊಟ್ಟ ಶಕ್ತಿಯನ್ನು ಯಾವ ಮೋಟಾರೂ ಮರಳಿ ಪಡೆಯಲಾರದು. 30 ಕಿಲೋಮೀಟರು ದಾರಿಯಲ್ಲಿ ನೂರರ ವೇಗದಿಂದ ಉಳಿಯುವ ಸಮಯವಾದರೂ ಎಷ್ಟು? ಹನ್ನೆರಡು ನಿಮಿಷ. ಮಿತ್ರರು ಈಗ ಹತ್ತು ನಿಮಿಷ ಮೊದಲೇ ಮನೆ ಬಿಡುತ್ತಾರೆ.

ಒಡೆಯನು ತಿಳಿದಿರಬೇಕಾದುದು

ಒಮ್ಮೆ ಬೇಸಗೆಯ ರಜೆಯಲ್ಲಿ ಆ ಕಾರು ಹಲವು ವಾರ ನಿಂತೇ ಇತ್ತು. ತಾಯಿಯವರನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯಬೇಕಾದ ಬೆಳಗ್ಗೆ ಗುಂಡಿಯನ್ನು ಒತ್ತಿದರೆ ಕಾರು ಮಿಸುಕಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ ಶಕ್ತಿ ಇದ್ದೇ ಇತ್ತು. ಬರಿದಾಗಿದ್ದುದು 12 ವೋಲ್ಟಿನ ಸಣ್ಣ ಬ್ಯಾಟರಿ. ಗಣಕವನ್ನು ಎಚ್ಚರಿಸಿ ದೊಡ್ಡ ಬ್ಯಾಟರಿಯ ಬಾಗಿಲನ್ನು ತೆರೆಯುವ ಬೀಗದ ಕೈ ಅದೇ. ನೆರೆಯವರ ಗಾಡಿಯಲ್ಲಿ ಹೋಗಿ ಬಂದದ್ದಾಯಿತು. ಅಂದಿನಿಂದ ವಾರಕ್ಕೊಮ್ಮೆಯಾದರೂ ಕಾರನ್ನು ಸ್ವಲ್ಪ ಹೊತ್ತು ಚಾಲೂ ಮಾಡಿಡುವುದು ಆ ಮನೆಯ ನಿಯಮ.

ಬೇಸಗೆಯಲ್ಲಿ ನಮ್ಮಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಶಾಖವು ಬ್ಯಾಟರಿಯ ಶತ್ರು. ಅದನ್ನು ತಣಿಸುವ ಗಾಳಿಯು ಅನೇಕ ಕಾರುಗಳಲ್ಲಿ ಹಿಂದಿನ ಆಸನದ ಬಳಿಯ ಕಿಂಡಿಯಿಂದ ಹೋಗುತ್ತದೆ. ಅಲ್ಲಿ ಚೀಲವನ್ನು ಒತ್ತಿಡಬಾರದು. ಎರೆನೆಲದ ಧೂಳು ಜಾಲರಿಯನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಪಾಯಕರವಾದ ವೋಲ್ಟೇಜು ಇರುವುದರಿಂದ ತರಬೇತಿಯಿಲ್ಲದವರು ಅವನ್ನು ಮುಟ್ಟಲೇಬಾರದು. ಇನ್ನೊಂದು ಎಚ್ಚರಿಕೆ: ಮೋಟಾರಿನಿಂದ ನಡೆಯುವಾಗ ಕಾರಿನ ಸದ್ದು ಬಹಳ ಕಡಮೆ. ಬಸವಕಲ್ಯಾಣದ ಪೇಟೆಯಲ್ಲಿ ಬೆನ್ನ ಹಿಂದೆ ಕಾರು ಬಂದುದು ಮುದುಕರಿಗೂ ಮಕ್ಕಳಿಗೂ ತಿಳಿಯುವುದೇ ಇಲ್ಲ. ಹೊಣೆ ಚಾಲಕನದು.

ಹಣದ ಲೆಕ್ಕ

ವಿದ್ಯಾರ್ಥಿಗೆ ನಾನು ಹೇಳಿಕೊಟ್ಟ ಲೆಕ್ಕ ಹೀಗಿದೆ. ಅಂಕಿಗಳು ಊಹೆಯವು, ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು. ಪೆಟ್ರೋಲು ಲೀಟರಿಗೆ 100 ರೂಪಾಯಿ, ಮಾಮೂಲು ಕಾರು ಲೀಟರಿಗೆ 15, ಹೈಬ್ರಿಡ್ಡು 22 ಕಿಲೋಮೀಟರು ಓಡುವುದಾದರೆ, ಕಿಲೋಮೀಟರಿಗೆ ಉಳಿಯುವುದು ಸುಮಾರು 2 ರೂಪಾಯಿ 12 ಪೈಸೆ. ಹೈಬ್ರಿಡ್ಡಿಗೆ 3 ಲಕ್ಷ ರೂಪಾಯಿ ಹೆಚ್ಚು ಕೊಟ್ಟಿದ್ದರೆ ಅದು ಮರಳಿ ಬರಲು ಸುಮಾರು 1,41,000 ಕಿಲೋಮೀಟರು ಓಡಬೇಕು. ದಿನಕ್ಕೆ 60 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡುವವರಿಗೆ ಇದು ಎಂಟು ವರ್ಷದ ಮಾತು. ದಿನಕ್ಕೆ 20 ಓಡುವವರಿಗೆ ಇಪ್ಪತ್ತಮೂರು ವರ್ಷಕ್ಕೂ ಮಿಕ್ಕಿದ ಮಾತು. ಬ್ಯಾಟರಿಗೆ ಎಷ್ಟು ವರ್ಷದ ಭರವಸೆ ಇದೆಯೆಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ವಿದ್ಯಾರ್ಥಿಯ ತಂದೆ ಈ ಕಾಗದವನ್ನು ಮನೆಯಲ್ಲಿ ಓದಿಸಿ ಕೇಳಿದರಂತೆ. ಅವರ ಓಡಾಟ ವಾರಕ್ಕೆರಡು ಸಂತೆ, ಆಗೊಮ್ಮೆ ಈಗೊಮ್ಮೆ ಬೀದರು. ಈ ವರ್ಷ ಆ ಹಣ ಹೊಲದ ಬಾವಿಗೆ ಹೋಯಿತು. ದಿನವೂ ಓಡಾಡುವ ನನ್ನ ಮಿತ್ರರ ಆಯ್ಕೆಯೂ ತಪ್ಪಲ್ಲ, ಅವರದೂ ತಪ್ಪಲ್ಲ. ಶಕ್ತಿಯನ್ನು ಸೃಷ್ಟಿಸುವ ಯಂತ್ರ ಯಾವುದೂ ಇಲ್ಲ. ಪೋಲಾಗುವುದನ್ನು ಕಡಮೆ ಮಾಡುವ ಯಂತ್ರಗಳಿವೆ. ಹೈಬ್ರಿಡ್ ಕಾರು ಅಂತಹುದೊಂದು. ಎಷ್ಟು ಪೋಲಾಗುತ್ತಿತ್ತೋ ಅಷ್ಟರೊಳಗೇ ಅದರ ಉಳಿತಾಯ.

ಅಭ್ಯಾಸ

1. ಮೇಲಿನ ಕಾರು ಗಂಟೆಗೆ 36 ಕಿಲೋಮೀಟರು ವೇಗದಲ್ಲಿದ್ದರೆ ಅದರ ಚಲನಶಕ್ತಿ ಎಷ್ಟು?
2. ಬ್ಯಾಟರಿ ಪೂರ್ತಿ ತುಂಬಿರುವಾಗ ಉದ್ದವಾದ ಇಳಿಜಾರಿನಲ್ಲಿ ಇಳಿಯುವ ಕಾರಿನ ಶಕ್ತಿ ಎಲ್ಲಿಗೆ ಹೋಗುತ್ತದೆ?
3. ನಿಮ್ಮ ಮನೆಯ ಗಾಡಿಯ ತೊಟ್ಟಿಯನ್ನು ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ, ಲೀಟರಿಗೆ ಓಡಿದ ದೂರವನ್ನು ಕಂಡುಹಿಡಿಯಿರಿ. ಫಲಕ ತೋರಿಸುವ ಅಂಕಿಯೊಡನೆ ಅದನ್ನು ಹೋಲಿಸಿರಿ.